ಮೂರು ದಿನ ಹೆಚ್ಚಾದ ವ್ರತ

ಆ ಭಾನುವಾರ ಬೆಳಿಗ್ಗೆ ಶಂಕರಪುರದ ನಮ್ಮ ಮನೆಯ ನಡುಮನೆಯಲ್ಲಿ ಕೂತವರು ಐದು ಜನ, ಕೂಸನ್ನು ಸೇರಿಸಿದರೆ ಆರು. ಕಿಟಕಿಯ ಪಕ್ಕ ಬೆತ್ತದ ಕುರ್ಚಿಯಲ್ಲಿ ಅಜ್ಜಿ, ಅವಳ ಮಡಿಲಲ್ಲಿ ಪಂಚಾಂಗ. ನೆಲದ ಮೇಲೆ ಕಾಲು ಚಾಚಿಕೊಂಡು ಅವರೆಕಾಳು ಹಿದುಕುತ್ತಿದ್ದ ಅಮ್ಮ. ಗೋಡೆಗೆ ಒರಗಿದ ತಂಗಿ, ಅವಳ ತೊಡೆಯ ಮೇಲೆ ಹತ್ತನೇ ತಿಂಗಳಲ್ಲಿದ್ದ ಅವಳ ಮಗಳು. ಬಾಗಿಲ ಬಳಿ ತಂಗಿಯ ಗಂಡ. ಹೆಂಡತಿಯ ತವರಿಗೆ ಬಂದಾಗ ಆತ ಯಾವಾಗಲೂ ಬಾಗಿಲ ಹತ್ತಿರವೇ ಕೂರುವುದು, ಹೊರಡುವ ಹೊತ್ತಿಗೆ ಅನುಕೂಲವಾಗಲೆಂದು. ಇನ್ನೊಬ್ಬ ನಾನು.

ಮಾತು ನಡೆದದ್ದು ಕೂಸಿನ ಕಿವಿ ಚುಚ್ಚಿಸುವ ಬಗ್ಗೆ. ನಮ್ಮಲ್ಲಿ ಇದನ್ನು ಬೆಸ ತಿಂಗಳಲ್ಲಿ ಮಾಡುತ್ತಾರೆ. ಒಂಬತ್ತರಲ್ಲಿ ಕೂಸಿಗೆ ಕೆಮ್ಮು ಬಂದು ತಪ್ಪಿಹೋಗಿತ್ತು. ಹನ್ನೊಂದೂ ತಪ್ಪಿದರೆ ಮೂರನೇ ವರ್ಷದವರೆಗೆ ಕಾಯಬೇಕು. ಅಷ್ಟು ಹೊತ್ತಿಗೆ ಮಗುವಿಗೆ ಓಡುವುದು, ಒದೆಯುವುದು ಎರಡೂ ಬಂದಿರುತ್ತವೆ. ಚುಚ್ಚುವವರು ಅಕ್ಕಸಾಲಿಗರು, ನಮ್ಮ ಬಾಯಲ್ಲಿ ಆಚಾರ್ರು. ಚುಚ್ಚುವಾಗ ಕೂಸು ಸೋದರಮಾವನ ತೊಡೆಯ ಮೇಲಿರಬೇಕು. ಅಪ್ಪನೂ ಅಲ್ಲ, ತಾತನೂ ಅಲ್ಲ, ಸೋದರಮಾವ. ನನ್ನ ತಂಗಿಗೆ ಇರುವುದು ಒಬ್ಬನೇ ಅಣ್ಣ.

“ಹನ್ನೊಂದು ಬೀಳೋಕೆ ಇನ್ನು ಹದಿನೈದು ದಿನ,” ಅಂದಳು ಅಜ್ಜಿ. “ಬಿದ್ದ ಮೇಲೆ ಯಾವ ಒಳ್ಳೆ ದಿನ ಆದ್ರೂ ಆಗತ್ತೆ. ಲೋ, ಆವತ್ತು ಅಂಗಡಿ ಬಾಗಿಲು ಹಾಕ್ಕೊಂಡು ಬಾ. ನಿನ್ನ ತೊಡೆ ಇಲ್ದೆ ನಡೆಯಲ್ಲ.”

“ತೊಡೆ ಇದ್ರೆ ಸಾಲ್ದು ಅಜ್ಜಿ, ಗಟ್ಟಿಯಾಗಿ ಹಿಡ್ಕೋಬೇಕು,” ತಂಗಿ ನಕ್ಕಳು. “ಇವನು ರಕ್ತ ನೋಡಿದ್ರೆ ಗೋಡೆ ಕಡೆ ತಿರುಗ್ತಾನೆ.”

“ನಂಗೆ ಚುಚ್ಚೋವಾಗ ನಮ್ಮ ಮಾವನ ಕೈ ಕಚ್ಚಿದ್ದೆನಂತೆ,” ಬಾಗಿಲ ಕಡೆಯಿಂದ ತಂಗಿಯ ಗಂಡ. “ಇವತ್ತಿಗೂ ಆ ಕಲೆ ತೋರಿಸ್ತಾರೆ, ಏನಾದ್ರೂ ಕೆಲಸ ಆಗ್ಬೇಕಾದಾಗ. ಭಾವ, ಹುಷಾರು, ನಿಮ್ಮ ಸೊಸೆಗೆ ಆಗ್ಲೇ ಮೇಲೆರಡು ಹಲ್ಲು ಬಂದಿದೆ.”

ಎಲ್ಲರೂ ನಕ್ಕರು. ನಾನು ನನ್ನ ಎಡಗೈಯ ತೋರುಬೆರಳನ್ನು ನೋಡಿಕೊಂಡೆ. ನಗರ್ತಪೇಟೆಯಲ್ಲಿ ನಮ್ಮದು ಲೇಸು, ಜರಿ ಅಂಚು, ಗುಂಡಿಗಳ ಅಂಗಡಿ. ದಿನವಿಡೀ ಕತ್ತರಿ ಹಿಡಿಯುವ ಕೈ. ಬೆರಳಿನ ಮೇಲೆ ಒಂದಲ್ಲ ಒಂದು ಸಣ್ಣ ಗಾಯ ಇದ್ದೇ ಇರುತ್ತದೆ. ಆವತ್ತೂ ಇತ್ತು. ಒಂದು ಕಡೆ ಆಚಾರ್ರ ಸೂಜಿ, ಒಂದು ಕಡೆ ಕೂಸಿನ ಕಿವಿಯ ರಕ್ತ, ಮಧ್ಯೆ ನನ್ನ ಈ ಬೆರಳು. ಚಿತ್ರ ಅಷ್ಟು ಸ್ಪಷ್ಟವಾಗಿ ಕಣ್ಣಿಗೆ ಕಟ್ಟಿತೆಂದರೆ, ಬೆರಳನ್ನು ಅಂಗೈಯೊಳಗೆ ಮಡಚಿ ಬಚ್ಚಿಟ್ಟುಕೊಂಡೆ.

ಅವರಲ್ಲಿ ಯಾರಿಗೂ ಗೊತ್ತಿಲ್ಲದ ಸಂಗತಿಯೊಂದಿತ್ತು. ಎರಡು ವಾರದ ಹಿಂದೆ ನಾನು ಒಬ್ಬರ ಜೊತೆ ಒಂದು ಮಧ್ಯಾಹ್ನ ಕಳೆದಿದ್ದೆ. ಅವರು ಮಲ್ಲೇಶ್ವರದಲ್ಲಿ ರವಿಕೆ ಹೊಲಿಸಿಕೊಡುವ ಸಣ್ಣ ಅಂಗಡಿ ಇಟ್ಟುಕೊಂಡವರು. ಲೇಸು, ಅಂಚು ಎಲ್ಲ ನಮ್ಮಲ್ಲೇ ಒಯ್ಯುತ್ತಿದ್ದರು. ಎರಡು ವರ್ಷದ ಪರಿಚಯ. ನನಗೆ ಮೂವತ್ತಾರು, ಮದುವೆಯಾಗಿರಲಿಲ್ಲ. ಅವರು ನನಗಿಂತ ಒಂದೆರಡು ವರ್ಷ ದೊಡ್ಡವರು, ಗಂಡನಿಂದ ಬೇರೆಯಾಗಿ ಬಹಳ ಕಾಲವಾಗಿತ್ತು. ಇಬ್ಬರೂ ಒಪ್ಪಿಯೇ ಆದದ್ದು. ಕಾಂಡೋಮ್ ಇತ್ತು, ಹರಿದಿರಲಿಲ್ಲ, ಜಾರಿರಲಿಲ್ಲ. ಹೊರಡುವಾಗ ಅವರು ಮೆಟ್ಟಿಲ ಮೇಲೆ ನಿಂತು, ಮೆರೂನ್ ಲೇಸು ಇನ್ನೊಂದು ಸುತ್ತು ಬೇಕು ಎಂದು ನೆನಪಿಸಿದ್ದರು. ನಡೆದದ್ದು ಇಷ್ಟೇ.

ಹತ್ತನೇ ದಿನ ಗಂಟಲು ನೋವು ಬಂತು. ಅವರೆಕಾಯಿ ಕಾಲದಲ್ಲಿ ಬೆಂಗಳೂರಿನ ಅರ್ಧ ಊರಿಗೆ ಗಂಟಲು ನೋವು. ಉಳಿದವರು ಬಿಸಿನೀರಿಗೆ ಉಪ್ಪು ಹಾಕಿ ಮುಕ್ಕಳಿಸಿದರು, ನಾನು ಫೋನಿನಲ್ಲಿ ಹುಡುಕಿದೆ. ಗಂಟಲಿನಿಂದ ಜ್ವರಕ್ಕೆ, ಜ್ವರದಿಂದ ಮೈಮೇಲಿನ ಗಂಧೆಗೆ, ಅಲ್ಲಿಂದ ಎಚ್‌ಐವಿಗೆ. ಒಂದು ಗಂಟೆಯಲ್ಲಿ ಅಷ್ಟು ದೂರ ಹೋಗಿ ಮುಟ್ಟಿದ್ದೆ. ಆಮೇಲೆ ಅದೇ ಕೆಲಸವಾಯಿತು. ಲೇಸಿನ ಸುತ್ತುಗಳ ಹಿಂದೆ ಕೂತು ಓದುವುದು, ಕನ್ನಡಿಯ ಮುಂದೆ ನಾಲಿಗೆ ಚಾಚುವುದು, ಕಂಕುಳು ಮುಟ್ಟಿ ಗಂಟು ಹುಡುಕುವುದು. ಮುಟ್ಟಿ ಮುಟ್ಟಿ ಕಂಕುಳು ನೋಯತೊಡಗಿತು. ನೋವು ಇದೆ ಎಂಬುದೂ ಒಂದು ಲಕ್ಷಣವಾಗಿ ಸೇರಿಕೊಂಡಿತು.

ಭಾನುವಾರಕ್ಕೆ ಎರಡು ದಿನ ಮುಂಚೆ, ಶುಕ್ರವಾರ, ಒಂದು ಸರ್ಕಾರಿ ಆಸ್ಪತ್ರೆಗೆ ಹೋದೆ. ಅಲ್ಲಿ ಈ ಪರೀಕ್ಷೆಗೆಂದೇ ಒಂದು ಕೋಣೆ. ರಕ್ತ ತೆಗೆಯುವ ಮೊದಲು ಆಪ್ತ ಸಮಾಲೋಚಕಿ ಒಬ್ಬರು ಕೂರಿಸಿಕೊಂಡು ಮಾತಾಡುತ್ತಾರೆ. ಐವತ್ತರ ಆಸುಪಾಸಿನ ಹೆಂಗಸು, ಕನ್ನಡಕ ಮೂಗಿನ ತುದಿಯಲ್ಲಿ. ಮೇಜಿನ ಮೇಲೆ ಸ್ಟೀಲಿನ ಡಬ್ಬಿ, ಇನ್ನೂ ಊಟ ಆಗಿರಲಿಲ್ಲವೇನೋ. ನಾನು ಹಿರಿಯರ ಮಾತು ಕೇಳಿ ಬೆಳೆದವನು, ಯಾವುದನ್ನೂ ಬುಡದಿಂದ ಹೇಳಿ ಅಭ್ಯಾಸ. ಅಪ್ಪನ ಕಾಲದಲ್ಲಿ ಅಂಗಡಿ ಹೇಗಿತ್ತು, ಮಲ್ಲೇಶ್ವರದವರು ಮೊದಲ ಸಲ ಯಾವಾಗ ಬಂದರು ಎಂದು ಶುರುಮಾಡಿದೆ.

“ಸರ್, ಅಷ್ಟು ಹಿಂದಕ್ಕೆ ಹೋಗೋದು ಬೇಡ,” ಅಂದರು ಆಕೆ. “ಎಷ್ಟು ದಿನ ಆಯ್ತು? ಕಾಂಡೋಮ್ ಇತ್ತಾ? ಹರೀತಾ?”

“ಹನ್ನೆರಡು ದಿನ. ಇತ್ತು ಮೇಡಂ. ಹರೀಲಿಲ್ಲ.”

“ಮತ್ತೆ ಇಲ್ಲಿಗ್ಯಾಕೆ ಬಂದ್ರಿ?”

ಬಾಯಿ ತೆರೆದು ಗಂಟಲು ತೋರಿಸಿದೆ.

“ಗಂಟಲು ನಂಗೂ ನೋಯ್ತಿದೆ,” ಅಂದರು. “ನೋಡಿ, ನೀವು ಹೇಳಿದ್ರಲ್ಲಿ ಹೆದರೋಂಥದ್ದು ಏನೂ ಇಲ್ಲ. ಪರೀಕ್ಷೆ ಬೇಡ ಅಂತ ಹೇಳಿ ಕಳಿಸ್ಬೋದು. ಆದ್ರೆ ನೀವು ಇಲ್ಲಿಂದ ಸೀದಾ ಇನ್ನೊಂದು ಲ್ಯಾಬಿಗೆ ಹೋಗ್ತೀರ, ಮುಖ ನೋಡಿದ್ರೆ ಗೊತ್ತಾಗತ್ತೆ. ಇವತ್ತೊಂದ್ಸಲ ಮಾಡೋಣ. ಆ ದಿನಕ್ಕೆ ಆರು ವಾರ ತುಂಬಿದ ಮೇಲೆ ಒಂದ್ಸಲ, ರಕ್ತದಲ್ಲಿ ಪಕ್ಕಾ ಗೊತ್ತಾಗೋಕೆ ಅಷ್ಟು ದಿನ ಬೇಕು. ಮಧ್ಯ ಎಲ್ಲೂ ಮಾಡಿಸ್ಬೇಡಿ.”

“ಮನೇಲಿ ತಂಗಿ ಮಗು ಬರ್ತಿರತ್ತೆ ಮೇಡಂ. ಎತ್ಕೋಬೋದಾ?”

ಆಕೆ ಕನ್ನಡಕ ತೆಗೆದು ನನ್ನನ್ನು ನೋಡಿದರು. “ಎಚ್‌ಐವಿ ಇರೋರೇ ಎತ್ಕೋತಾರೆ ಸರ್. ಎತ್ಕೊಂಡು, ಮುದ್ದು ಮಾಡಿ, ತುತ್ತು ತಿನ್ನಿಸಿ ಸಾಕ್ತಾರೆ. ನೀವು ಆರಾಮಾಗಿ ಎತ್ಕೊಳ್ಳಿ.”

ಅಂದಿನ ಪರೀಕ್ಷೆಯಲ್ಲಿ ಏನೂ ಬರಲಿಲ್ಲ. ಅದು ಲೆಕ್ಕಕ್ಕಿಲ್ಲ ಎಂದು ನಾನೇ ತೀರ್ಮಾನಿಸಿದೆ. ಆಕೆ ಹೇಳಿದ ಅಷ್ಟು ಮಾತಿನಲ್ಲಿ ನನ್ನ ಜೊತೆ ಮನೆಗೆ ಬಂದದ್ದು ಆರು ವಾರ ಎನ್ನುವುದೊಂದೇ.

ಹೀಗಿರುವಾಗ ಭಾನುವಾರ ಅಜ್ಜಿ ನನ್ನ ತೊಡೆ ಕೇಳಿದಳು. ಆಗುವುದಿಲ್ಲ ಎಂದು ಹೇಳಲು ಕಾರಣ ಬೇಕಿತ್ತು. ಊರಿಗೆ ಹೋಗಬೇಕು ಎಂದರೆ ಯಾವ ಊರು ಎಂದು ಕೇಳುತ್ತಾರೆ. ಹುಷಾರಿಲ್ಲ ಎಂದರೆ ಅಮ್ಮ ಡಾಕ್ಟರ ಹತ್ತಿರ ಎಳೆದೊಯ್ಯುತ್ತಾಳೆ. ನಮ್ಮ ಮನೆಯಲ್ಲಿ ಯಾರೂ ಕಾರಣ ಕೇಳದ ವಿಷಯ ಒಂದೇ: ವ್ರತ. ಏನು ಬೇಡಿಕೊಂಡೆ ಎಂದು ಬಾಯಿಬಿಟ್ಟರೆ ಫಲ ಹೋಗುತ್ತದೆಂದು ಅಜ್ಜಿಯ ನಂಬಿಕೆ, ಆದ್ದರಿಂದ ಕೇಳುವುದೂ ತಪ್ಪು. ವ್ರತ ಹಿಡಿದವರು ಅದು ಮುಗಿಯುವವರೆಗೆ ಕ್ಷೌರ ಮಾಡಿಸುವುದಿಲ್ಲ. ಕ್ಷೌರವಿಲ್ಲದವರು ಶುಭಕಾರ್ಯಕ್ಕೆ ಹಸೆಯ ಮೇಲೆ ಕೂರುವುದಿಲ್ಲ. ತಾತನ ಕಾಲದಿಂದ ಬಂದದ್ದು.

“ನಾನು ಶಿವನ ವ್ರತ ಹಿಡಿದಿದೀನಿ ಅಜ್ಜಿ,” ಅಂದೆ. “ಇವತ್ತಿಂದ. ಒಂದು ಮಂಡಲ.”

ಅಮ್ಮನ ಕೈಯಲ್ಲಿದ್ದ ಅವರೆಕಾಳು ಸಿಪ್ಪೆಯಿಂದ ಚಿಮ್ಮಿ ಕೂಸಿನ ಹತ್ತಿರ ಬಿತ್ತು. ತಂಗಿ ಅದನ್ನು ಕೂಸಿನ ಕೈಗೆ ಸಿಗದಂತೆ ಎತ್ತಿಕೊಂಡಳು.

ಮಂಡಲವೆಂದರೆ ನಲವತ್ತೆಂಟು ದಿನ. ಹೇಳುವಾಗ ನಾನು ಲೆಕ್ಕ ಹಾಕಿರಲಿಲ್ಲ. ಆರು ವಾರ ದಾಟಬೇಕು ಎಂದಷ್ಟೇ ತಲೆಯಲ್ಲಿತ್ತು, ಬಾಯಿಗೆ ಮಂಡಲ ಬಂತು. ಲೆಕ್ಕ ಹಾಕಿದವಳು ಅಜ್ಜಿ, ಬೆರಳಿನ ಗೆಣ್ಣುಗಳ ಮೇಲೆ, ತುಟಿ ಅಲ್ಲಾಡಿಸುತ್ತ.

“ಹನ್ನೊಂದು ತುಂಬೋದು ನಲವತ್ತೈದಕ್ಕೆ. ನಿಂದು ಮುಗಿಯೋದು ನಲವತ್ತೆಂಟಕ್ಕೆ. ಮೂರು ದಿನ ಹೆಚ್ಚಾಗೋಯ್ತಲ್ಲೋ.”

“ಮೂರು ದಿನ ತಾನೆ,” ಅಂದ ತಂಗಿಯ ಗಂಡ. “ಅಡ್ಜಸ್ಟ್ ಮಾಡ್ಕೊಳಿ ಭಾವ.”

“ಶಿವನ ಹತ್ರ ಎಂಥ ಅಡ್ಜಸ್ಟು,” ಅಜ್ಜಿ ಗದರಿದಳು.

ತಂಗಿ ಕೂಸನ್ನು ಎತ್ತಿಕೊಂಡು ಎದ್ದಳು. “ನಿಂಗೆ ಈ ತಿಂಗಳೇ ಸಿಕ್ಕಿತಾ ಅಣ್ಣ,” ಎಂದಳು. ಕೋಪವಿರಲಿಲ್ಲ ದನಿಯಲ್ಲಿ, ಅದಕ್ಕೇ ಕಷ್ಟವಾಯಿತು. ಮಧ್ಯಾಹ್ನದ ಊಟಕ್ಕೆ ನಿಲ್ಲದೆ ಇಬ್ಬರೂ ಹೊರಟರು. ಹಿದುಕಿದ ಬೇಳೆಯನ್ನೇ ಅಮ್ಮ ಡಬ್ಬಿಗೆ ಹಾಕಿ ಕೊಟ್ಟಳು.

ಹೀಗೆ ನನ್ನ ವ್ರತ ಶುರುವಾಯಿತು. ಅದು ಸುಳ್ಳೆಂದು ನನಗೊಬ್ಬನಿಗೇ ಗೊತ್ತಿದ್ದುದರಿಂದ ಉಳಿದವರು ಅದನ್ನು ಶ್ರದ್ಧೆಯಿಂದ ನಡೆಸಿದರು. ಬೆಳಿಗ್ಗೆ ಐದೂವರೆಗೆ ಅಮ್ಮ ಎಬ್ಬಿಸುವಳು. ತಣ್ಣೀರು ಸ್ನಾನ, ಹಣೆಗೆ ವಿಭೂತಿ, ಬರಿಗಾಲಲ್ಲಿ ಗವಿಪುರಕ್ಕೆ. ಗವಿ ಗಂಗಾಧರನ ಗುಡಿಯಲ್ಲಿ ತಲೆ ಬಗ್ಗಿಸಿಕೊಂಡೇ ಒಳಗೆ ಹೋಗಬೇಕು, ಚಾವಣಿ ಬಂಡೆಯದು. ಮೊದಲ ವಾರ ಎರಡು ಸಲ ತಲೆ ತಗುಲಿಸಿಕೊಂಡೆ. ತಲೆ ನೋವು ಬಂತೆಂದು ಅದನ್ನೂ ಫೋನಿನಲ್ಲಿ ಹುಡುಕಿದೆ. ಊಟ ಒಂದೇ ಹೊತ್ತು. ತೂಕ ಇಳಿಯಿತು. ತೂಕ ಇಳಿಯುವುದೂ ಲಕ್ಷಣಗಳ ಪಟ್ಟಿಯಲ್ಲಿತ್ತು. ಒಂದೇ ಹೊತ್ತು ಉಣ್ಣುವವನ ತೂಕ ಇಳಿಯದೆ ಇನ್ನೇನಾಗುತ್ತದೆ ಎಂದು ಹೊಳೆಯಲು ನನಗೆ ಮೂರು ದಿನ ಬೇಕಾಯಿತು.

ಅಮ್ಮ ಯಾರಿಗೂ ಹೇಳದೆ ಕಾಫಿ ಬಿಟ್ಟಿದ್ದಳು. ಅದು ತಿಳಿದದ್ದು ಅಜ್ಜಿ ರೇಗಿಸಿದಾಗ. “ಮಗ ಹೆಣ್ಣು ಬೇಡ್ಕೊಂಡ್ರೆ ತಾಯಿ ಕಾಫಿ ಬಿಟ್ಲು. ಸೊಸೆ ಬಂದ್ಮೇಲೆ ಕುಡಿಯೋಕೆ ಉಳಿಸ್ತಿದಾಳೆ.” ನನ್ನ ವ್ರತ ಮದುವೆಗಾಗಿ ಎಂದು ಅವರಿಬ್ಬರೂ ಊಹಿಸಿಕೊಂಡಿದ್ದರು. ನಾನು ಅದನ್ನು ಅಲ್ಲ ಎನ್ನಲಿಲ್ಲ. ಕಾಫಿಯಿಲ್ಲದೆ ಅಮ್ಮನಿಗೆ ಹತ್ತು ಗಂಟೆಯ ಹೊತ್ತಿಗೆ ತಲೆ ಸಿಡಿಯುವುದು, ನೆತ್ತಿಗೆ ಒದ್ದೆ ಬಟ್ಟೆ ಹಾಕಿಕೊಂಡು ಅಡುಗೆ ಮಾಡುವಳು.

ಪರೀಕ್ಷೆಯನ್ನು ಮಧ್ಯ ಎಲ್ಲೂ ಮಾಡಿಸಬೇಡಿ ಎಂದು ಆಸ್ಪತ್ರೆಯ ಆಕೆ ಹೇಳಿದ್ದರಲ್ಲ. ಚಾಮರಾಜಪೇಟೆಯಲ್ಲಿ ಒಂದು, ಮಲ್ಲೇಶ್ವರದಲ್ಲಿ ಒಂದು, ಮತ್ತೆ ಚಾಮರಾಜಪೇಟೆಯದೇ ಇನ್ನೊಂದು ಲ್ಯಾಬಿನಲ್ಲಿ ಮಾಡಿಸಿದೆ. ಎಲ್ಲ ಕಡೆ ನೆಗೆಟಿವ್. ಪ್ರತಿ ಸಲವೂ ಕಾಗದ ಕೈಗೆ ಬಂದ ಅರ್ಧ ದಿನ ನೆಮ್ಮದಿ. ಸಂಜೆಯ ಹೊತ್ತಿಗೆ, ಇನ್ನೂ ದಿನ ತುಂಬಿಲ್ಲವಲ್ಲ ಎಂಬ ಯೋಚನೆ. ಮೂರನೆಯ ಕಡೆ ಸೂಜಿ ಚುಚ್ಚಿದ ಹುಡುಗಿ ನನ್ನ ತೋಳು ನೋಡಿ, “ಈಗಾಗ್ಲೇ ಇಲ್ಲಿ ತೂತಿದೆಯಲ್ಲ ಸರ್, ರಕ್ತದಾನ ಮಾಡ್ತೀರಾ?” ಎಂದು ಕೇಳಿದಳು. ಹೂಂ ಎಂದೆ. ಈಗ ನೆನೆದರೆ ನಗು ಬರುತ್ತದೆ.

ಆರು ವಾರ ತುಂಬಿದ್ದು ವ್ರತದ ಇಪ್ಪತ್ತೆಂಟನೇ ದಿನ. ಅದೇ ಕೋಣೆ, ಅದೇ ಆಪ್ತ ಸಮಾಲೋಚಕಿ. ಗಡ್ಡ ಬೆಳೆದು, ವಿಭೂತಿ ಹಚ್ಚಿ, ಕಾಲಿಗೆ ಚಪ್ಪಲಿ ಇಲ್ಲದೆ ಹೋದ ನನ್ನನ್ನು ಆಕೆ ಗುರುತಿಸಲಿಲ್ಲ. ಗುರುತಿಸಿದ ಮೇಲೆ, “ಇದೇನ್ ಸರ್ ಸನ್ಯಾಸ,” ಅಂದರು. ನಾನು ಈ ಸಲ ಬುಡದಿಂದ ಹೇಳಿದೆ, ಆಕೆ ತಡೆಯಲಿಲ್ಲ. ಕಿವಿ ಚುಚ್ಚುವುದು, ಮಂಡಲ, ಮೂರು ಲ್ಯಾಬು, ಅಮ್ಮನ ಕಾಫಿ, ಎಲ್ಲವನ್ನೂ.

ಕಾಗದ ಬಂತು. ನೆಗೆಟಿವ್.

“ಮುಗೀತು,” ಅಂದರು. “ಇದಕ್ಕಿಂತ ಹೆಚ್ಚು ಹೇಳೋಕೆ ನನ್ನ ಹತ್ರ ಏನೂ ಇಲ್ಲ. ಇನ್ನು ರಕ್ತಪರೀಕ್ಷೆಗೆ ಅಂತ ಈ ಕೋಣೆಗೆ ಬರ್ಬೇಡಿ.” ಒಂದು ಚೀಟಿ ಬರೆದುಕೊಟ್ಟರು, ಅದೇ ಕಟ್ಟಡದ ಮೇಲಿನ ಮಹಡಿಯ ಮಾನಸಿಕ ವಿಭಾಗಕ್ಕೆ. “ನಿಮ್ಮ ಕಾಯಿಲೆ ಇರೋದು ಇದು. ಇದಕ್ಕೂ ಡಾಕ್ಟ್ರಿದಾರೆ. ನಾಚ್ಕೋಬೇಡಿ, ಅಲ್ಲೂ ನಿಮ್ಮಂಥೋರೇ ಕೂತಿರ್ತಾರೆ.”

ಚೀಟಿಯನ್ನು ಆವತ್ತು ಜೇಬಿಗೆ ಹಾಕಿಕೊಂಡೆ, ಎರಡು ವಾರದ ಮೇಲೆ ಉಪಯೋಗಿಸಿದೆ. ಆ ಡಾಕ್ಟರು ದಿನಕ್ಕೆ ಎಷ್ಟು ಸಲ ಕಂಕುಳು ಮುಟ್ಟಿಕೊಳ್ಳುತ್ತೀರಿ ಎಂದು ಕೇಳಿದರು. ಅಲ್ಲಿಯವರೆಗೆ ನಾನು ಎಣಿಸಿರಲಿಲ್ಲ. ಎಣಿಸಲು ಕೂತ ಮೇಲೆ ಕಡಿಮೆಯಾಗುತ್ತ ಬಂತು.

ಇಪ್ಪತ್ತೆಂಟನೇ ದಿನ ಮನೆಗೆ ಬಂದವನೇ ಅಜ್ಜಿಯ ಮುಂದೆ ಕೂತೆ. “ಅಜ್ಜಿ, ಬೇಡ್ಕೊಂಡಿದ್ದು ಆಯ್ತು. ವ್ರತ ಇವತ್ತಿಗೆ ಬಿಡ್ಬೋದಾ?”

“ಆಯ್ತಾ?” ಅಜ್ಜಿಯ ಕಣ್ಣು ಅಗಲವಾಯಿತು. “ಆದ್ರೆ ಇನ್ನೂ ಭಯಭಕ್ತಿಯಿಂದ ಮುಗಿಸ್ಬೇಕು. ಕೆಲಸ ಆದ ಕೂಡ್ಲೆ ಶಿವನ್ನ ಬಿಟ್ಟು ಓಡೋಗೋದಾ? ಮಂಡಲ ಅಂದ್ರೆ ಮಂಡಲ.”

ಅಮ್ಮ ಒಳಗಿನಿಂದ, “ನಾನೂ ಇಪ್ಪತ್ತೆಂಟು ದಿನ ತಡ್ಕೊಂಡಿದೀನಿ ಕಣೋ. ಇನ್ನಿಪ್ಪತ್ತು ಏನು ದೊಡ್ಡದು,” ಎಂದಳು.

ನಿಜ ಹೇಳಿದ್ದರೆ ಆ ಕ್ಷಣಕ್ಕೇ ಮುಗಿಯುತ್ತಿತ್ತು. ಹೇಳಲಿಲ್ಲ. ಕಾಯಿಲೆ ಇಲ್ಲ ಎನ್ನುವ ಕಾಗದವನ್ನು ತೋರಿಸಬೇಕಾದರೂ ಕಾಯಿಲೆಯ ಹೆಸರು ಹೇಳಬೇಕಲ್ಲ.

ಅದೇ ವಾರ ತಂಗಿ ಫೋನು ಮಾಡಿದಳು. ಅವಳ ಅತ್ತೆಯ ಮನೆಯವರು ದಿನ ಗೊತ್ತು ಮಾಡಿದ್ದರು. ವ್ರತದ ಲೆಕ್ಕದಲ್ಲಿ ನಲವತ್ತನೇ ದಿನ. ಹನ್ನೊಂದು ತಿಂಗಳು ಮೀರಿಸಲು ಅವರು ಒಪ್ಪಲಿಲ್ಲ. “ದೊಡ್ಡಮ್ಮನ ಮಗ ಕೂತ್ಕೋತಾನಂತೆ,” ಅಂದಳು. “ಅವನೂ ಅಣ್ಣನೇ ಅಲ್ವಾ. ನೀನು ಬರೋದಾದ್ರೂ ಬರ್ತೀಯ, ಇಲ್ಲ ಅದಕ್ಕೂ ಶಾಸ್ತ್ರ ಇದೆಯಾ?”

“ಬರ್ತೀನಿ.”

“ಬಾ. ಫೋಟೋ ತೆಗಿ.”

ನಡುವೆ ಒಂದು ದಿನ ಮಲ್ಲೇಶ್ವರದವರು ಅಂಗಡಿಗೆ ಬಂದರು. ಅವರ ಫೋನುಗಳಿಗೆ ನಾನು ಆರು ವಾರದಿಂದ ಉತ್ತರ ಕೊಟ್ಟಿರಲಿಲ್ಲ; ಮೆರೂನ್ ಲೇಸನ್ನು ಪಾರ್ಸೆಲ್ ಕಳಿಸಿದ್ದೆ. ಬೇರೆ ಗಿರಾಕಿಗಳು ಹೋಗುವವರೆಗೆ ಗುಂಡಿಗಳ ಡಬ್ಬಿ ನೋಡುತ್ತ ನಿಂತರು.

“ಹೆದರ್ಕೊಂಡ್ರಾ?” ಎಂದು ಕೇಳಿದರು.

ಯಾವುದಕ್ಕೆ ಎಂದು ಅವರು ಬಿಡಿಸಿ ಹೇಳಬೇಕಾಗಿರಲಿಲ್ಲ. ಹೌದೆಂದು ತಲೆಯಾಡಿಸಿದೆ.

“ನಾನೂ ಹೆದರಿದ್ದೆ. ಒಂದು ವಾರ ನಿದ್ದೆ ಬಂದಿಲ್ಲ. ನೀವು ಯಾರು, ಎಲ್ಲೆಲ್ಲಿ ಹೋಗ್ತೀರ, ನಂಗೇನು ಗೊತ್ತು? ಹೋಗಿ ಪರೀಕ್ಷೆ ಮಾಡಿಸ್ಕೊಂಡೆ. ಮೊನ್ನೆ ಎರಡನೇದೂ ಆಯ್ತು. ಏನೂ ಇಲ್ಲ. ಅದನ್ನ ಹೇಳೋಣ ಅಂತಲೇ ಫೋನ್ ಮಾಡ್ತಿದ್ದೆ.”

ಆರು ವಾರದಲ್ಲಿ ನೂರು ಸಾಧ್ಯತೆಗಳನ್ನು ಯೋಚಿಸಿದ್ದೆ. ಅವರು ನನ್ನ ಬಗ್ಗೆ ಹೆದರಿರಬಹುದು ಎಂಬುದು ಅವುಗಳಲ್ಲಿ ಇರಲಿಲ್ಲ. ನನ್ನ ಲೆಕ್ಕದಲ್ಲಿ ಅವರು ಕಾಯಿಲೆ ಬರುವ ದಾರಿಯಾಗಿದ್ದರೇ ಹೊರತು ಕಾಯಿಲೆ ಬರಬಹುದಾದ ಮನುಷ್ಯರಾಗಿರಲಿಲ್ಲ. ತಪ್ಪಾಯಿತು ಎಂದೆ. ಅವರು ನನ್ನ ಗಡ್ಡದ ಕಡೆ ನೋಡಿ, “ಇದು ಚೆನ್ನಾಗಿಲ್ಲ, ತೆಗೀರಿ,” ಎಂದು ಹೇಳಿ, ಆರು ಡಜನ್ ಗುಂಡಿ ತೆಗೆದುಕೊಂಡು ಹೋದರು. ಈಗಲೂ ಬರುತ್ತಾರೆ, ಗಿರಾಕಿಯಾಗಿ.

ನಲವತ್ತನೇ ದಿನ ತಂಗಿಯ ಮನೆಯಲ್ಲಿ ಹಸೆ ಹಾಕಿದ್ದರು. ಚಾಮರಾಜಪೇಟೆಯಿಂದ ಬಂದ ದೊಡ್ಡಮ್ಮನ ಮಗ ರೇಷ್ಮೆ ಪಂಚೆ ಉಟ್ಟು ಕೂತ. “ಮಗಾ, ಹೆಂಗೋ ಹಿಡ್ಕೊಳ್ಳೋದು ಇದನ್ನ, ಮೀನು ಥರ ಜಾರ್ತಿದೆ,” ಎಂದು ನನ್ನನ್ನೇ ಕೇಳಿದ. ಒಂದು ಕೈ ಎದೆಗೆ ಅಡ್ಡ, ಒಂದು ಕೈ ತಲೆಗೆ ಎಂದು ನಾನು ಎರಡು ಮಾರು ದೂರದಿಂದ ಹೇಳಿಕೊಟ್ಟೆ. ಜೇಬಿನಲ್ಲಿ ಕಾಗದವಿತ್ತು. ಬೆರಳಿನಲ್ಲಿ ಆ ದಿನ ಗಾಯವೂ ಇರಲಿಲ್ಲ. ಆಚಾರ್ರು ಸೂಜಿ ಚುಚ್ಚಿ ಚಿನ್ನದ ತಂತಿ ತಿರುವಿದರು. ಕೂಸು ಉಸಿರು ಕಟ್ಟಿ ಅತ್ತಿತು. ನಾನು ತೆಗೆದ ಫೋಟೋಗಳಲ್ಲಿ ಎರಡು ಅಲ್ಲಾಡಿದ್ದವು, ಉಳಿದವು ಚೆನ್ನಾಗಿ ಬಂದಿದ್ದವು. ತಂಗಿ ನನ್ನ ಜೊತೆ ಊಟ ಹೇಗಿತ್ತು ಎಂಬುದಷ್ಟನ್ನೇ ಮಾತಾಡಿದಳು.

ನಲವತ್ತೆಂಟು ಮುಗಿಯಿತು. ಕ್ಷೌರ ಮಾಡಿಸಿಕೊಂಡೆ. ಅಮ್ಮ ಎರಡು ಲೋಟ ಕಾಫಿ ಕುಡಿದಳು.

ಅದಾದ ಎರಡು ವಾರಕ್ಕೆ ಒಂದು ಬೆಳಿಗ್ಗೆ ತಂಗಿ ಫೋನು ಮಾಡಿದಳು. ಕೂಸಿನ ಎಡಗಿವಿ ಕೀವು ಕಟ್ಟಿತ್ತು, ಗಂಡ ಆಫೀಸಿಗೆ ಹೋಗಿದ್ದ, ಆಚಾರ್ರ ಹತ್ತಿರ ಕರೆದೊಯ್ಯಬೇಕಿತ್ತು. ಅಂಗಡಿ ತೆಗೆಯದೆ ಹೋದೆ. ಆಚಾರ್ರು ಚಾಪೆ ಹಾಸಿ, ಬಿಸಿನೀರು, ಹತ್ತಿ, ಅರಿಸಿನ ಕಲಸಿದ ಎಣ್ಣೆ ಇಟ್ಟುಕೊಂಡು, “ಯಾರ್ ಹಿಡ್ಕೋತೀರಿ?” ಎಂದು ಕೇಳಿದರು. ತಂಗಿ ಕೂಸನ್ನು ನನ್ನ ಕೈಗೆ ಕೊಟ್ಟಳು. ಚಕ್ಕಳಮಕ್ಕಳ ಹಾಕಿ ಕೂತು, ಒಂದು ಕೈ ಎದೆಗೆ, ಒಂದು ಕೈ ತಲೆಗೆ ಕೊಟ್ಟು ಹಿಡಿದುಕೊಂಡೆ. ತಂತಿ ಬಿಡಿಸುವಾಗ ಸ್ವಲ್ಪ ಕೀವು, ಸ್ವಲ್ಪ ರಕ್ತ ನನ್ನ ಕೈಮೇಲೆ ಬಿತ್ತು. ತಂಗಿ ಸೆರಗಿನಿಂದ ಒರೆಸಿದಳು. ಹತ್ತು ನಿಮಿಷದಲ್ಲಿ ಕೆಲಸ ಮುಗಿಯಿತು. ಬರುವಾಗ ಆಟೋದಲ್ಲಿ ಕೂಸು ನನ್ನ ತೊಡೆಯ ಮೇಲೆ ನಿದ್ದೆ ಹೋಯಿತು. ಅವರ ಮನೆ ಬಂದರೂ ಎಚ್ಚರವಾಗಲಿಲ್ಲ. ಹಾಗೇ ಎತ್ತಿಕೊಂಡು ಒಳಗೆ ಹೋಗಿ ಮಲಗಿಸಿದೆ.